ಸೀಸ ಕರಗಿಸಿದ ಕೈ

ಮಾವನವರ ಕೈಗಳು ಮಣಿಕಟ್ಟಿನಿಂದ ಕೆಳಗೆ ಬಾಡಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ತುತ್ತನ್ನೂ ಸೊಸೆಯೇ ಬಾಯಿಗಿಡಬೇಕು. ಅದೇ ಕೈಗಳು ಒಂದು ಕಾಲಕ್ಕೆ ಸೀಸದ ಕಾರ್ಖಾನೆಯಲ್ಲಿ ಮೇಸ್ತ್ರಿಯ ಹಲ್ಲು ಉದುರಿಸಿದ್ದವು, ಹೆಂಡತಿಯ ತೋಳು ಮುರಿದಿದ್ದವು, ಊಟ ತಣ್ಣಗಾಯಿತೆಂದು ಮಗನನ್ನು ಮೆಟ್ಟಿಲಿನಿಂದ ತಳ್ಳಿದ್ದವು. ಓಣಿಯವರು ಅವರನ್ನು ಸಿಡಿಗುಂಡು ಎಂದೇ ಕರೆಯುತ್ತಿದ್ದರು.

ಅವರ ಕಾಲದಲ್ಲಿ ಅದಿರಿನ ಪುಡಿಯನ್ನು ತೆರೆದ ಒಲೆಯಲ್ಲಿ ಸುಟ್ಟು, ಹೆಂಟೆಗಟ್ಟಿಸಿ, ಆಮೇಲೆ ಕುಲುಮೆಗೆ ಸುರಿಯುತ್ತಿದ್ದರು. ಆ ಹೊಗೆಯ ಸೀಸವೇ ಕೊನೆಗೆ ಅವರ ಕೈಗಳ ನರ ತಿಂದಿತ್ತು. ಮಗ ಸೇರಿದ್ದು ಹೊಸ ಕುಲುಮೆಗೆ. ಒಣಗಿಸಿದ ಪುಡಿಯನ್ನು ಆಮ್ಲಜನಕದ ಜೊತೆ ಎತ್ತರದ ಗೂಡಿನೊಳಕ್ಕೆ ಊದಿದರೆ, ಬೀಳುಬೀಳುತ್ತಲೇ ಧಗ್ಗೆಂದು ಉರಿದು, ಕೆಳಗಿನ ಕೆಂಡದ ಹಾಸನ್ನು ದಾಟಿ ಸೀಸವಾಗಿ ತಳ ಸೇರುತ್ತಿತ್ತು.

"ಎಲ್ಲಾ ಮುಚ್ಚಿರೋ ಕುಲುಮೆ ಅಪ್ಪ. ನಿನ್ನ ಹಾಗೆ ಹೊಗೆ ಕುಡಿಯೋ ಕೆಲಸ ಅಲ್ಲ," ಎಂದು ಮಗ ಚುಚ್ಚುತ್ತಿದ್ದ.

ಆದರೆ ಅವನು ನಿಲ್ಲುತ್ತಿದ್ದದ್ದು ಬುಡದಲ್ಲಿ, ಮಣ್ಣಿನ ಬಿರಡೆ ಒಡೆದು ಕುದಿಯುವ ಸೀಸ ಹರಿಸುವ ತೂತಿನ ಎದುರು. ಹೊಗೆ ಅಲ್ಲಿಂದ ನುಗ್ಗುತ್ತಿತ್ತು. ಸೆಕೆ ತಡೆಯದೆ ಮುಖಗವಸನ್ನು ಕತ್ತಿಗಿಳಿಸುತ್ತಿದ್ದ. ರಕ್ತಪರೀಕ್ಷೆಯ ದಿನ ರಜೆ ಹಾಕುತ್ತಿದ್ದ. ರಕ್ತದಲ್ಲಿ ಸೀಸ ಏರಿದೆ ಎಂದರೆ ಗುಡಿಸುವ ಕೆಲಸಕ್ಕೆ ಹಾಕಿಬಿಡುತ್ತಾರೆಂಬ ಅಳುಕು.

ಮೊದಲು ಹೊಟ್ಟೆನೋವು ಬಂತು, ಆಮೇಲೆ ಸಿಟ್ಟು. ಚಿಲಕ ಬಿಗಿಯಾಯಿತೆಂದು ಬಾಗಿಲನ್ನೇ ಒದ್ದು ಮುರಿದ. ಪಕ್ಕದ ಮನೆಯವನ ಮೂಗು ಒಡೆದ. ಹೆಂಡತಿಯ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ; ಬಿಟ್ಟಮೇಲೆ ತಾನೇ ಬೆಚ್ಚಿ ಕೈ ನೋಡಿಕೊಂಡ. ಅಂದಿನಿಂದ ರಾತ್ರಿ ಮಗು ಕೆಮ್ಮಿದರೂ ಅವಳು ಅದನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ಗಂಡನಿಗೆ ಎಚ್ಚರವಾದರೆ?

ಒಂದು ಸಂಜೆ ಮಗು ಆಡುತ್ತಾ ನೀರಿನ ಲೋಟ ಉರುಳಿಸಿತು. ಅವನು ಮರದ ಕುರ್ಚಿ ಎತ್ತಿದ. ಅವಳು ಅಡಿಗೆಮನೆಯಿಂದ ಓಡಿಬರುವಷ್ಟರಲ್ಲಿ ಮಾವನವರು ಮಗುವಿನ ಮೇಲೆ ಕವಿದು ಬಿದ್ದಿದ್ದರು. ಕುರ್ಚಿ ಅವರ ಬೆನ್ನಿಗೆ ಬಡಿಯಿತು. ಮತ್ತೆ ತಲೆಗೆ ಬಡಿಯಿತು. ಅದರ ಕಾಲೊಂದು ಮುರಿದು ಹಾರಿತು. ರಕ್ತ ಇಳಿದು ಮಗುವಿನ ಅಂಗಿಗೆ ಮೆತ್ತಿತು. ಅದನ್ನು ಕಂಡು ಅವನು ಮತ್ತೆ ಎತ್ತಿದ ಕುರ್ಚಿಯನ್ನು ಕೆಳಗೆ ಬಿಟ್ಟ.

"ಯಾಕೋ ನಿಲ್ಲಿಸ್ದೆ? ನಾನು ನಿಲ್ಲಿಸ್ತಿರಲಿಲ್ಲ," ಮಾವನವರು ಏದುಸಿರು ಬಿಟ್ಟರು. "ಹೊಟ್ಟೆ ಹಿಂಡೋದು, ಆಮೇಲೆ ತಲೆಗೆ ಬೆಂಕಿ ಹತ್ತೋದು. ನನಗೂ ಹೀಗೇ ಶುರುವಾಗಿದ್ದು. ನಾನು ಕೆಟ್ಟವನೇ ಇರಬಹುದು, ಆದ್ರೆ ಅರ್ಧ ಆ ಸೀಸದ್ದು."

"ನಮ್ದು ಹೊಸ ಕುಲುಮೆ," ಎಂದ ಮಗ.

"ಕುಲುಮೆ ಹೊಸದು. ಮೂಗು ಹಳೇದೇ ಅಲ್ವೇನೋ."

ಅವಳು ಕೈಯಲ್ಲಿದ್ದ ಅಡಿಗೆಮನೆಯ ಇಕ್ಕಳ ಎತ್ತಿ ಹಿಡಿದು ಗಂಡನ ಎದುರು ನಿಂತಳು. "ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ. ಅಲ್ಲೀವರೆಗೂ ಹೊಸ್ತಿಲು ದಾಟಿ ಒಳಗೆ ಬಂದ್ರೆ ನಿಮ್ಮ ಕೈ ನಾನೇ ಮುರೀತೀನಿ." ಅವನು ಹೊರಗೆ ಹೋಗುವವರೆಗೂ ಇಕ್ಕಳ ಇಳಿಸಲಿಲ್ಲ.

ಅವನು ಕಾರ್ಖಾನೆಯ ಗೇಟಿನ ಬೆಂಚಿನ ಮೇಲೆ ಮಲಗಿ, ಬೆಳಿಗ್ಗೆ ಅಲ್ಲಿನ ಡಾಕ್ಟರ ಎದುರು ತೋಳು ಚಾಚಿದ. ರಕ್ತದಲ್ಲಿ ಏರಿದ್ದ ಸೀಸ ನೋಡಿದ ಡಾಕ್ಟರು ಕುಲುಮೆಯ ಪಾಸು ಕಸಿದುಕೊಂಡು ನೇರ ಆಸ್ಪತ್ರೆಗೆ ಸೇರಿಸಿದರು.

ಸುದ್ದಿ ಬಂದಾಗ ಅವಳು ಮಾವನವರ ತಲೆಯ ಪಟ್ಟಿ ಬದಲಿಸುತ್ತಿದ್ದಳು.

"ಸುಧಾರಿಸ್ಕೋತಾನೆ ಬಿಡಮ್ಮ," ಎಂದರು ಅವರು.

ಅವಳು ಪಟ್ಟಿಯ ಗಂಟು ಬಿಗಿದಳು. ಗಂಡನ ಬಟ್ಟೆಗೆ ಅಂಟಿ ಸೀಸದ ಧೂಳು ದಿನಾ ಮನೆಗೂ ಬಂದಿತ್ತಲ್ಲ. ಮಗುವಿನ ರಕ್ತವನ್ನೂ ಪರೀಕ್ಷೆ ಮಾಡಿಸಲು ಅದನ್ನು ಎತ್ತಿಕೊಂಡು ಹೊರಟಳು.