ದೀಪ ಹಚ್ಚಿದ ಮೇಲಿನ ಉಪ್ಪು

ಈವತ್ತು ಬೆಳಿಗ್ಗೆ ಸೊಪ್ಪಿನ ಸಾರಿನ ಘಮಕ್ಕೆ ಅಡುಗೆಮನೆಗೆ ನುಗ್ಗಿದವಳು, ಡಬ್ಬಿಗಳ ಮುಂದೆ ಗರ ಬಡಿದವಳ ಹಾಗೆ ನಿಂತುಬಿಟ್ಟೆ. ಏನು ತೆಗೆದುಕೊಳ್ಳೋಕೆ ಬಂದೆ? ನೀವೂ ಹೀಗೆ ನಿಂತಿರುತ್ತೀರಿ, ನಗಬೇಡಿ. ಸೊಸೆ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಹಳೇ ಪರಿಚಯ.

ಅದನ್ನು ಮೊದಲು ಕಂಡದ್ದು ಹಾರನಹಳ್ಳಿಯ ಕೆಂಪಜ್ಜಿಯ ಸೊಸೆ ಜಯಮ್ಮನ ಮುಖದಲ್ಲಿ. ವಯಸ್ಸಾದಂತೆ ಮನಸ್ಸು ಏನಾಗುತ್ತದೆ ಎಂದು ಅಧ್ಯಯನ ಮಾಡುವವರ ಜೊತೆ ಆಗ ನಾನು ಪಿರಿಯಾಪಟ್ಟಣದ ಹಳ್ಳಿಗಳನ್ನು ಸುತ್ತುತ್ತಿದ್ದೆ. ಅಜ್ಜಿಯರಿಗೆ ಮೂರು ಪದ ಹೇಳುವುದು, ಬೇರೆ ಮಾತಿಗೆ ಎಳೆಯುವುದು, ಆಮೇಲೆ ಆ ಮೂರನ್ನೂ ಕೇಳುವುದು. ಮುಪ್ಪನ್ನೇ ಅಳೆದುಬಿಡುತ್ತೇನೆ ಅನ್ನೋ ಠೀವಿ ನನಗೆ!

"ಸೂಜಿ, ಉಪ್ಪು, ಬಾಗಿಲು" ಅಂದೆ. ಅಜ್ಜಿ ಪಟಪಟನೆ ಒಪ್ಪಿಸಿದಳು. ಮಾತು ಹೊಗೆಸೊಪ್ಪು, ಮಗಳ ಬಾಣಂತನ ಅಂತ ಎಲ್ಲೆಲ್ಲೋ ಹೋಯಿತು. ಅಷ್ಟರಲ್ಲಿ ಮುಸ್ಸಂಜೆಯಾಗಿ ಜಯಮ್ಮ ದೀಪ ಹಚ್ಚಿದಳು.

"ಆ ಮೂರು ಏನಜ್ಜಿ?"

"ಬಾಗ್ಲು."

"ಇನ್ನೆರಡು?"

ಅಜ್ಜಿ ದೀಪದ ಕಡೆ ನೋಡಿ ಬಾಯಿ ಬಿಗಿದಳು. ಜಯಮ್ಮ ಅತ್ತೆಯನ್ನೇ ದಿಟ್ಟಿಸಿದಳು. "ಇಂಗೆ ಮರ್ತೋದ್ರೆ ಒಲೆ ಮುಂದೆ ಎಂಗ್ ಬುಡಾದು? ನಾಳಿಂದ ಅಡ್ಗೆಮನೆ ಕಡೆ ಬರ್ಬ್ಯಾಡಿ ಕಣತ್ತೆ." ಆ ಮನೆಯಲ್ಲಿ ಅಜ್ಜಿಯಲ್ಲದೆ ಬೇರೆಯವರು ಮುದ್ದೆ ಕಟ್ಟಿದ್ದೇ ಇಲ್ಲ. ಪಾಪ, ಅಜ್ಜಿಯ ಮುಖ ನೋಡಲಾಗಲಿಲ್ಲ.

ಆಮೇಲೆ ರೇಗಿತು ನೋಡಿ ಅವಳಿಗೆ. "ಲೇ, ದೀಪ ಅಚ್ಚಿದ್ ಮ್ಯಾಲೆ ಅವುಗಳ ಎಸ್ರು ಎತ್ತಾರೇನೆ? ಒಂದು ಬಟ್ಟೆ ಒಲ್ಯಾದು, ಒಂದು ರುಚಿ. ಪಟ್ಣದ ಉಡ್ಗಿಗೆ ತಿಳೀದು, ನಿಂಗೂ ಬ್ಯಾಡ್ವಾ?"

ಜಯಮ್ಮ ನಾಲಿಗೆ ಕಚ್ಚಿಕೊಂಡು, ಮುದ್ದೆ ತಿರುವುವ ಹಿಟ್ಟಿನ ಕೋಲನ್ನು ತಂದು ಅತ್ತೆಯ ಕೈಗೆ ಕೊಟ್ಟಳು. ಆ ರಾತ್ರಿ ನನಗೂ ಅಲ್ಲೇ ಊಟ. ಆ ಅಧ್ಯಯನ ನಡೆಸುತ್ತಿದ್ದ ನಮ್ಮ ಮೇಡಂಗೆ ಇದನ್ನು ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. "ನೋಡು, ಮರೆತಿದ್ದು ಯಾವುದು, ಬೇಕೂಂತ ಬಿಟ್ಟಿದ್ದು ಯಾವುದು ಅಂತ ಮೊದಲು ಕೇಳಬೇಕು," ಎಂದು ಆ ಪದಗಳನ್ನೇ ಬದಲಿಸಿದರು. ಅಜ್ಜಿಯನ್ನು ನೆನೆದರೆ ಇವತ್ತಿಗೂ ಅಕ್ಕರೆ ಉಕ್ಕುತ್ತದೆ.

"ಏನ್ ಬೇಕಿತ್ತು ಅತ್ತೆ?" ಡಬ್ಬಿಗಳ ಮುಂದೆ ಇನ್ನೂ ನಿಂತೇ ಇದ್ದ ನನ್ನನ್ನು ನನ್ನ ಸೊಸೆ ಮೆಲ್ಲಗೆ ಕೇಳಿದಳು.

"ದೀಪ ಹಚ್ಚಿದ ಮೇಲೆ ಹೇಳಬಾರದು ಕಣೇ."

"ಇನ್ನೂ ಬೆಳಿಗ್ಗೆ ಹತ್ತು ಗಂಟೆ ಅತ್ತೆ!"

ಸಿಕ್ಕಿಬಿದ್ದೆ. ಅಜ್ಜಿಗೆ ಕಾರಣವಿತ್ತು, ನನಗೆ ಅದೂ ಇಲ್ಲ. "ಹಾಗಾದ್ರೆ ಮರೆತೇ ಹೋಯ್ತು ಕಣೇ. ಭಯ ಆಗುತ್ತೆ," ಅಂದೆ.

ಅವಳು ಒಲೆಯ ಕಡೆ ತಿರುಗಿದಳು. ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಸಪ್ಪೆ" ಎಂದು ಮುಖ ಸಿಂಡರಿಸಿದಳು. ಉಪ್ಪಿನ ಡಬ್ಬಿ ತೆಗೆದು ನನ್ನ ಕೈಗಿಟ್ಟಳು.

"ನೀವೇ ಹಾಕಿ. ನಾನು ಪಕ್ಕದಲ್ಲೇ ಇರ್ತೀನಿ."