ಸೋಮವಾರದ ನೆಪ

ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಾರದ ಕಾಲ. ಇಳಕಲ್ಲಿನ ಗ್ರಾನೈಟ್ ಕಂಪನಿಯೊಂದರಲ್ಲಿ ಟೆಲಿಫೋನ್ ಬೋರ್ಡು ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರ ಆಫೀಸು ಬಾಗಲಕೋಟೆಯಲ್ಲಿ. ಹೊಸದಾಗಿ ಕಡಿದ ಕಲ್ಲಿನ ತುಣುಕು, ಅಳತೆಯ ನಕ್ಷೆ ಹಿಡಿದು ಪ್ರತಿ ಸೋಮವಾರ ಅಲ್ಲಿಗೆ ಹೋಗುವವನೂ ನಾನೇ. ಮ್ಯಾನೇಜರು ಬೇರೆ ಯಾರನ್ನಾದರೂ ಕಳಿಸುತ್ತೇನೆಂದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಕಾರಣ, ನನ್ನ ಹೆಂಡತಿ ಅದೇ ಊರಿನ ನವನಗರದ ತವರುಮನೆಯಲ್ಲಿದ್ದಳು.

ಮೂಗಿನ ತುದಿಯಲ್ಲೇ ಸಿಟ್ಟು ನನಗೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಒಂದು ದಿನ ಗಂಗಾಳ ದೂಡಿ, "ಬೇಕಂದ್ರ ಇರು, ಇಲ್ಲಂದ್ರ ನಡಿ" ಅಂದಿದ್ದೆ. ಆಕೆ ನಡೆದೇ ಬಿಟ್ಟಳು. ಕರೆಯಲು ನನಗೆ ಸೊಕ್ಕು, ತಾನಾಗಿ ಬರಲು ಆಕೆಗೆ ಅಭಿಮಾನ. ಎರಡು ವರ್ಷ ಹೀಗೇ ಹೋಯಿತು. ಸೋಮವಾರ ಮಾತ್ರ "ಆಫೀಸ್ ಕೆಲಸಕ್ಕ ಬಂದಿದ್ನಿ, ಹಂಗ ಬಂದೆ" ಎಂದು ಅವರ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಆಕೆ ಚಹಾ ಕೊಟ್ಟು ಬಾಗಿಲಿಗೆ ಆತು ನಿಲ್ಲುತ್ತಿದ್ದಳು. ಅರ್ಧ ತಾಸು ಅಷ್ಟೇ. ಉಳಿದ ಆರು ದಿನ ನನ್ನ ಬಾಡಿಗೆ ಕೋಣೆಯಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಆಗ ಮಾಲೀಕರಿಗೆ ವಿಡಿಯೋ ಕಾನ್ಫರೆನ್ಸಿನ ಹುಚ್ಚು ಹಿಡಿಯಿತು. ನಮ್ಮ ಬೋರ್ಡಿಗೆ ಐಎಸ್‌ಡಿಎನ್ ಲೈನು ಸೇರಿಸಿದರೆ ಮಾತು, ಚಿತ್ರ, ನಕ್ಷೆ ಮೂರೂ ಅದರಲ್ಲೇ ಹೋಗುತ್ತವೆ. ಜೋಡಿಸಬೇಕಾದವನು ನಾನೇ! ಬಾಗಲಕೋಟೆಯ ತುದಿ ಮುಗಿಸಿ, ಇಳಕಲ್ಲಿನ ತುದಿಗೆ ವಾರವಿಡೀ ಹೆಣಗಿದೆ.

ಮೊದಲ ದಿನ ಪರದೆಯ ಮೇಲೆ ಮಾಲೀಕರ ಮುಖ ಬಂತು. "ಕಲ್ಲು ತೋರಸ್ರಿ" ಅಂದರು. ನಮ್ಮಲ್ಲಿ ಒಣ ಕಲ್ಲನ್ನು ಯಾರಿಗೂ ತೋರಿಸುವುದಿಲ್ಲ. ನೀರು ಬಿದ್ದಾಗಲೇ ಅದರ ಕೆಂಪು ಎದ್ದು ಕಾಣುವುದು. ಹಿರಿಯ ಕಲ್ಲುಕುಟಿಗನೊಬ್ಬ ರೂಢಿಯಂತೆ ಕೊಡ ನೀರನ್ನು ರಪ್ಪನೆ ಎರಚಿದ. ಅರ್ಧ ಕಲ್ಲಿಗೆ, ಅರ್ಧ ಪಕ್ಕದಲ್ಲಿದ್ದ ನನ್ನ ವಿಡಿಯೋ ಪೆಟ್ಟಿಗೆಗೆ. ಪರದೆ ಆರಿಹೋಯಿತು.

"ಏ ಪುಣ್ಯಾತ್ಮಾ, ಏನ್ ಮಾಡಿದ್ಯೋ!" ಎಂದು ಕೂಗಿದೆ.

"ಕಲ್ಲಿಗೆ ನೀರ್ ಹಾಕಬಾರ್ದೇನ್ರಿ?" ಎಂದು ಆತ ನನ್ನನ್ನೇ ಕೇಳಿದ.

ಸುಟ್ಟುಹೋಯಿತೆಂದು ಕೈ ತೊಳೆದುಕೊಳ್ಳಬಹುದಿತ್ತು. ಸೋಮವಾರ ಉಳಿಯುತ್ತಿತ್ತು. ಆದರೆ ಕೆಟ್ಟದ್ದು ಕಣ್ಣೆದುರಿದ್ದರೆ ನನ್ನ ಕೈ ಸುಮ್ಮನಿರದು. ಬಿಚ್ಚಿ, ಒರೆಸಿ, ಬಿಸಿಲಿಗೆ ಒಣಗಿಸಿ, ಮೂರನೇ ದಿನ ನಡೆಸಿಯೇ ಬಿಟ್ಟೆ. ಕಲ್ಲಿನ ಬಣ್ಣ ಚೊಕ್ಕ ಕಂಡಿತು, ನಕ್ಷೆಯೂ ಹೋಯಿತು. ಮಾಲೀಕರು "ಶಾಭಾಷ್! ಇನ್ನ ನೀ ಬಸ್ಸಿನ್ಯಾಗ ಒದ್ದಾಡೂದು ತಪ್ಪಿತು ನೋಡು" ಅಂದರು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೆ.

ಮುಂದಿನ ಸೋಮವಾರ ರಜೆ ಹಾಕಿ ಬಸ್ಸು ಹತ್ತಿದೆ. ನಾಚಿಕೆಗೆಟ್ಟವನು, ಚೀಲದಲ್ಲಿ ಒಂದು ಕಲ್ಲಿನ ತುಣುಕನ್ನೂ ಹಾಕಿಕೊಂಡಿದ್ದೆ. ಆಕೆ ಎಂದಿನಂತೆ ಚಹಾ ಕೊಟ್ಟಳು.

"ಈಗೆಲ್ಲಾ ಟಿವಿಯಾಗ ಮಾತಾಡ್ತೀರಂತಲ್ಲ, ನಿಮ್ಮ ಆಫೀಸಿನವ್ರು ಅಂತಿದ್ರು. ಮತ್ತ ಇವತ್ತ ಯಾಕ ಬಂದ್ರಿ?"

ನಿನ್ನ ಸಲುವಾಗಿ ಎನ್ನಬೇಕಿತ್ತು. ಬಾಯಿಯವರೆಗೂ ಬಂದಿತ್ತು. ದೇವರಾಣೆ, ಬಂದಿತ್ತು.

"ಲೈನ್ ಕೆಟ್ಟದ" ಅಂದೆ. "ರಿಪೇರಿಗೆ ಬಂದೇನಿ."



"ಹಂಗಾರ ಲಗೂನ ಹೋಗ್ರಿ. ಅವ್ರು ಕಾಯ್ತಿರ್ತಾರ" ಎಂದು ನನ್ನ ಕೈಯಿಂದ ಕಪ್ಪು-ಬಶಿ ತೆಗೆದುಕೊಂಡು ಒಳಗೆ ಹೋದಳು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು.