ವಿಭೂತಿ ಹಚ್ಚಿಸಿಕೊಂಡ ಕಾಡುಕೋಳಿ

ನಮ್ಮ ಯಜಮಾನರು ಮಹದೇವಸ್ವಾಮಿ ಹುಟ್ಟಿದಾಗಿನಿಂದ ಮೀನು ತಿಂದವರಲ್ಲ, ಹಿಡಿದವರೂ ಅಲ್ಲ. ಲಿಂಗಪೂಜೆ ಮುಗಿಯದೆ ಕಾಫಿ ಮುಟ್ಟದ ಮನುಷ್ಯ. ಆದರೂ ನಮ್ಮೂರು ನಂಜನಾಡಿನಲ್ಲಿ ಯಾರನ್ನು ಕೇಳಿದರೂ ಅವರ ಹೆಸರು ‘ನೊಣದ ಸ್ವಾಮಿ’. ಹರೆಯದಲ್ಲಿ ಊಟಿಯ ಒಂದು ಗಾಳದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಾಳದ ಕೊಕ್ಕೆಗೆ ಗರಿ, ದಾರ, ಉಣ್ಣೆ ಸುತ್ತಿ ಹುಸಿ ನೊಣ ಕಟ್ಟುವುದನ್ನು ಕಲಿತದ್ದು ಅಲ್ಲಿ. ಅದನ್ನು ತೊರೆಯ ಮೇಲೆ ಎಸೆದರೆ ಟ್ರೌಟ್ ಮೀನು ನಿಜವಾದ ಹುಳುವೆಂದು ಬಾಯಿ ಹಾಕುತ್ತದೆ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಇವರ ಹುಚ್ಚು ಮಾತ್ರ ಬಿಡಲಿಲ್ಲ. ಕ್ಯಾರೆಟ್ ತೋಟದಿಂದ ಬಂದು ಕಿಟಕಿಯ ಹತ್ತಿರ ಕೂತರೆಂದರೆ ಕಟ್ಟುವುದೇ ಕಟ್ಟುವುದು. ಪಕ್ಕದ ಮನೆಯ ಕಮಲಂ ಸಾಕಿದ ಹುಂಜ ಇವರನ್ನು ಕಂಡರೆ ಬೇಲಿ ಹಾರುತ್ತದೆ. ಹಾರದೆ ಏನು ಮಾಡೀತು ಪಾಪ, ಮೈಮೇಲೆ ಗರಿ ಉಳಿಸಿದ್ದರೆ ತಾನೆ!

ಇವರಿಗಿದ್ದದ್ದು ಒಂದೇ ಆಸೆ, ಕಾಡುಕೋಳಿ ಹುಂಜದ ಕತ್ತಿನ ಗರಿ. ಅದರ ತುದಿಯಲ್ಲಿ ಅರಗು ತೊಟ್ಟಿಕ್ಕಿಸಿದಂಥ ಚುಕ್ಕೆಯಿರುತ್ತದಂತೆ, ನೀರಿನಲ್ಲಿ ಕಣ್ಣಿನ ಹಾಗೆ ಹೊಳೆಯುತ್ತದಂತೆ. ಕಾಡುಕೋಳಿಯನ್ನು ಮುಟ್ಟುವಂತಿಲ್ಲ, ಕಾನೂನಿದೆ ಎಂದು ಇವರಿಗೂ ಗೊತ್ತಿತ್ತು. ಅದಕ್ಕೇ ಒಂದು ಹಳೆಯ ಚಿತ್ರ ನೋಡಿಕೊಂಡು ಊರಕೋಳಿಯ ಗರಿಗೆ ಬಿಳಿ ಬಣ್ಣದ ಚುಕ್ಕೆಯಿಟ್ಟು ಸಮಾಧಾನಪಟ್ಟುಕೊಳ್ಳುತ್ತಿದ್ದರು. ಆ ನೊಣಕ್ಕೆ ಒಂದು ಮೀನೂ ಬಾಯಿ ಹಾಕುತ್ತಿರಲಿಲ್ಲ.

“ಒಂದ್ಸಲ ಅಸಲಿ ಗರೀಲಿ ಕಟ್ಬೇಕು ಸುನೀತಾ, ಆಮೇಲೆ ಸತ್ರೂ ಚಿಂತೆಯಿಲ್ಲ.”

“ಮೊದ್ಲು ಕ್ಯಾರೆಟ್ ತೊಳೀರಿ, ಆಮೇಲೆ ಸಾಯೋರಂತೆ” ಎನ್ನುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಮಸಿನಗುಡಿಯ ನೆಂಟರ ಮನೆಗೆ ಗೃಹಪ್ರವೇಶಕ್ಕೆ ಹೋದವರು ಸಂಜೆ ಸ್ಕೂಟರಿನಲ್ಲಿ ಬಂದರು. ಹೊದ್ದು ಹೋಗಿದ್ದ ಶಾಲು ಗಂಟಾಗಿತ್ತು. ಬಿಚ್ಚಿದರೆ ಒಳಗೆ ಸತ್ತ ಕಾಡುಕೋಳಿ!

“ಅಯ್ಯೋ ಶಿವನೇ! ಲಿಂಗಾಯತರ ಮನೆಗೆ ಸತ್ತ ಕೋಳಿ ತರೋದಾ?”

“ಯಾವುದೋ ಕಾರು ಹೊಡೆದು ಹೋಗಿತ್ತು ಕಣೆ. ನಾನು ಕೊಂದಿಲ್ಲ, ನಾನು ತಿನ್ನೋದಿಲ್ಲ. ಯಾರಿಗೇನು ನಷ್ಟ?”

ನಾನು ಕೂಗಾಡಿದ್ದಕ್ಕೆ ಗಂಟನ್ನು ಗುದ್ದಲಿ ಇಡುವ ಶೆಡ್ಡಿನಲ್ಲಿಟ್ಟರು. ಅಷ್ಟರಲ್ಲಿ ತುಮ್ಮನಟ್ಟಿಯ ರಂಗ ಬಂದ. ಇವರು ಕಟ್ಟಿದ ಬೇರೆ ನೊಣಗಳಲ್ಲಿ ಮೀನು ಹಿಡಿಯುವವನು ಅವನೇ, ಇವರ ಜೀವದ ಗೆಳೆಯ. ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತ.

“ಸ್ವಾಮಿ, ಬುದ್ಧಿ ಎಲ್ಲಿಟ್ಟಿದ್ದೀರಿ? ಕಾಡಿನ ಪ್ರಾಣಿ ರೋಡಲ್ಲಿ ಸತ್ರೂ ಸರ್ಕಾರದ್ದೇ. ಒಂದು ಗರಿ ಮನೇಲಿ ಸಿಕ್ರೂ ಕೇಸು. ಎರಡು ದಿನದೊಳಗೆ ಫಾರೆಸ್ಟ್ ಆಫೀಸಿಗೆ ಒಪ್ಪಿಸಿಬಿಡಿ.”

“ಕಾರಿಗೆ ಸಿಕ್ಕಿ ಸತ್ತದ್ದಕ್ಕೂ ಕೇಸಾ?”

“ಇಲ್ಲಾಂದ್ರೆ ಕೊಂದೋರೆಲ್ಲ ರೋಡಲ್ಲಿ ಸಿಕ್ತು ಅನ್ನಲ್ವಾ?”

ಇವರು ಊಟಕ್ಕೆ ಕೂತರೂ ಮುದ್ದೆ ಮುರಿಯಲಿಲ್ಲ. ಸಿಟ್ಟಿನಲ್ಲಿದ್ದ ನನಗೇ ಪಾಪ ಅನ್ನಿಸಿತು.

ಬೆಳಿಗ್ಗೆ ಎದ್ದವರೇ “ಒಪ್ಪಿಸಿಬಿಡ್ತೀನಿ” ಎಂದು ಶೆಡ್ಡಿಗೆ ಹೋದರು. ಶಾಲು ಮಡಿಸಿಟ್ಟಿತ್ತು, ಕೋಳಿ ಇರಲಿಲ್ಲ. ಯಾರೋ ಕದ್ದರು ಎಂದರೆ ಆಫೀಸಿನಲ್ಲಿ ಯಾರು ನಂಬುತ್ತಾರೆ?

ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ ನಮ್ಮತ್ತೆ ಲಿಂಗಾಜಮ್ಮ ತಲೆಯೆತ್ತದೆ ಹೇಳಿದರು, “ಅದಾ? ನಾನೇ ಮಣ್ಣು ಮಾಡ್ದಿ.”

“ಅವ್ವಾ!”

“ಸತ್ತದ್ದು ಮನೆ ಬಾಗ್ಲಿಗೆ ಬಂದ್ಮ್ಯಾಲೆ ಸುಮ್ನೆ ಕೂರಕ್ಕಾದ್ದಾ? ನಮ್ಮೋರ್ನ ಮಾಡ್ದಂಗೇ ಕೂರ್ಸಿ, ಇಬೂತಿ ಹಚ್ಚಿ, ನಂಜನಗೂಡಿನ ಪತ್ರೆ ಇಟ್ಟು ಅಚ್ಚುಕಟ್ಟಾಗಿ ಮಾಡಿವ್ನಿ.”

ಅತ್ತೆ ತೋರಿಸಿದ ಕಡೆ, ಬೀಟ್‌ರೂಟ್ ಪಾತಿಯ ಪಕ್ಕ ಇವರು ಮೆಲ್ಲಗೆ ಅಗೆದರು. ಕೋಳಿ ತಲೆಯೆತ್ತಿ ಕೂತಿತ್ತು, ಎದೆಯ ಮೇಲೆ ಮೂರು ಪಟ್ಟೆ ವಿಭೂತಿ. ಬಿಸಿಲು ಕತ್ತಿನ ಮೇಲೆ ಬಿದ್ದಾಗ ಚುಕ್ಕೆಗಳು ಹೊಳೆದವು. ಬಿಳಿಯಲ್ಲ, ಜೇನಿನ ಬಣ್ಣ. ಇವರು ಕುಕ್ಕರಗಾಲಿನಲ್ಲಿ ಕೂತು ನೋಡಿಯೇ ನೋಡಿದರು. ಬೆರಳು ತಾನಾಗಿ ಒಂದು ಗರಿಯನ್ನು ಹಿಡಿದಿತ್ತು. ಸುಳ್ಳೇಕೆ ಹೇಳಲಿ, ಕಿತ್ತುಕೊಳ್ಳಲಿ, ಒಂದು ಗರಿ ಕಡಿಮೆಯಾದರೆ ಯಾರು ಎಣಿಸುತ್ತಾರೆ ಎಂದು ನನಗೂ ಅನ್ನಿಸಿತು.

ಹಿಂದೆ ನಿಂತಿದ್ದ ಅತ್ತೆ, “ಲೋ ಮಾದೇವ, ಮಣ್ಣಾದೋರ ಮೈಮ್ಯಾಲಿಂದ ಯಾರಾರೂ ಕಿತ್ಕಂಡಾರ್ಲಾ?” ಎಂದರು.

ಇವರು ಕೈ ಹಿಂದಕ್ಕೆ ತೆಗೆದುಕೊಂಡರು. ಶಾಲಿನಲ್ಲಿ ಸುತ್ತಿ ಎತ್ತಿಕೊಂಡರು.

ಅತ್ತೆಯೂ ಹಟ ಹಿಡಿದು ಜೊತೆಗೆ ಬಂದರು. ಆಫೀಸಿನಲ್ಲಿದ್ದ ಫಾರೆಸ್ಟರ್ ಸೆಲ್ವಕುಮಾರ್ ಗಂಟು ಬಿಚ್ಚಿ ಕೋಳಿಯನ್ನು ಅತ್ತಿತ್ತ ತಿರುಗಿಸಿ ನೋಡಿದರು. ಆಮೇಲೆ ತಮಿಳಿನಲ್ಲಿ, ಇದಕ್ಕೆ ಪಟ್ಟೆ ಹಾಕಿದ್ದು ಯಾರು ಎಂದು ಕೇಳಿದರು. “ನಾನೇ” ಎಂದರು ಅತ್ತೆ, ಏನೂ ಅಳುಕಿಲ್ಲದೆ. ಆತ ನಕ್ಕೂ ನಕ್ಕೂ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಗಡುವಿನೊಳಗೆ ತಂದದ್ದರಿಂದ ಕೇಸು ಹಾಕಲಿಲ್ಲ. ಇನ್ನೊಮ್ಮೆ ಕಂಡರೆ ಮುಟ್ಟಬೇಡಿ, ಫೋನ್ ಮಾಡಿ ಎಂದು ಇವರಿಗೆ ಚೆನ್ನಾಗಿ ಬೈದರು. ಆಫೀಸಿನ ಹಿಂದೆ ಹೂಳಲು ಗುಂಡಿ ತೋಡಿದಾಗ ಅತ್ತೆ, “ಮಲಗಿಸ್ಬ್ಯಾಡಿ ಕಣಪ್ಪ, ಕೂರ್ಸಿ” ಎಂದರು. ವಾಚರ್ ಮಾದನ್ ಫಾರೆಸ್ಟರ್ ಮುಖ ನೋಡಿ, ಹಾಗೆಯೇ ಕೂರಿಸಿದ.

ಮನೆಗೆ ಬಂದವರೇ ಇವರು ಕಿಟಕಿಯ ಹತ್ತಿರ ಕೂತರು. ಹಳದಿ, ಕಂದು, ಚೂರು ಬಿಳಿ ಬೆರೆಸಿದರು, ಒರೆಸಿದರು, ಮತ್ತೆ ಬೆರೆಸಿದರು. ಕಮಲಂ ಹುಂಜದ ಗರಿಯ ತುದಿಗೆ ಒಂದು ತೊಟ್ಟು ಬಿಟ್ಟು, “ಇದೇ, ಇದೇ ಬಣ್ಣ!” ಎಂದು ಕೂಗಿದರು. ಇಷ್ಟು ವರ್ಷ ಹಳೆಯ ಚಿತ್ರವನ್ನು ನಂಬಿ ಬಿಳಿ ಚುಕ್ಕೆ ಇಡುತ್ತಿದ್ದರಲ್ಲ, ಎಂಥ ಪೆದ್ದು!

ಭಾನುವಾರ ರಂಗ ಮೀನು ಹಿಡಿಯುವ ಪಾಸ್ ತೆಗೆದುಕೊಂಡು ನಮ್ಮನ್ನು ತೊರೆಗೆ ಕರೆದೊಯ್ದ. ಹೊಸ ನೊಣ ನೀರಿನ ಮೇಲೆ ಕೂತಿತು, ಸ್ವಲ್ಪ ತೇಲಿತು. ಛಳಕ್ಕನೆ ನೀರು ಒಡೆದು ಟ್ರೌಟ್ ಅದನ್ನು ನುಂಗಿತು. ಇವರು ಬೂಟು ಸಮೇತ ಆ ಕೊರೆಯುವ ನೀರಿಗೆ ಹಾರಿದರು!

“ಸಾರಿಗಾಯ್ತು” ಎಂದು ರಂಗ ಮೀನು ಎತ್ತಿದ.

“ಬಿಟ್ಬಿಡೋ ರಂಗ, ನಿಂಗೆ ಕೈ ಮುಗೀತೀನಿ, ನನ್ನ ನೊಣ ಮೆಚ್ಚಿದ ಮೀನು ಕಣೋ ಅದು!”

ರಂಗ ಬೈದುಕೊಳ್ಳುತ್ತಲೇ ಕೊಕ್ಕೆ ಬಿಡಿಸಿದ. ಇವರು ಮೀನನ್ನು ಎರಡು ಕೈಯಲ್ಲಿ ನೀರಿಗಿಟ್ಟು, ಅದು ಹೋದ ದಿಕ್ಕನ್ನೇ ನೋಡುತ್ತ ನಗುತ್ತಿದ್ದರು. ನಮ್ಮ ಮದುವೆಯ ಒಂದು ಫೋಟೋದಲ್ಲೂ ಇವರು ಹಾಗೆ ನಕ್ಕಿಲ್ಲ. ಆ ಮೀನನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.